ಕಟ್ಟಳೆಯೂ ನಡತೆಯೂ: ಒಂದು ಪ್ರೌಢಪ್ರಬಂಧದ ಇತಿಹಾಸ

ಸಮಾಜ, ಧರ್ಮ, ಕಾನೂನು ಎಂಬಿವು ಗ್ರಂಥಗಳಲ್ಲಿ ಬೇರೆಬೇರೆಯಾಗಿ ತೋರಿದರೂ ಸಂಸಾರದಲ್ಲಿ ಒಂದಾಗಿ ಕೂಡುವುವು. ಇದನ್ನು ಮನಗಾಣಿಸಿದ ಬರಹಗಳಲ್ಲಿ ಮೈಸೂರಿನ ಎಂ. ಎನ್. ಶ್ರೀನಿವಾಸರು ಮುಂಬಯಿ ವಿಶ್ವವಿದ್ಯಾಲಯದ ಎಂ. ಎ. ಪದವಿಗಾಗಿ ರಚಿಸಿದ ಪ್ರಬಂಧವು ಸ್ಮರಣೀಯವಾದುದು. ಪ್ರಾಧ್ಯಾಪಕ ಜಿ. ಎಸ್. ಘುರ್ಯೆಯವರ ಮಾರ್ಗದರ್ಶನದಲ್ಲಿ ಸಿದ್ಧವಾದ, ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತ ಈ ಇಂಗ್ಲಿಷ್ ಕೃತಿಯು 1942ರಲ್ಲಿ ಅಚ್ಚಾಯಿತು.

ಮೈಸೂರು ಸರ್ಕಾರವು 1894ರಲ್ಲಿಯೇ ಎಂಟು ವರ್ಷ ತುಂಬದ ಕನ್ಯೆಯರ ವಿವಾಹವನ್ನು ನಿಷೇಧಿಸಿದ್ದಿತು. 1933ರ ಶಾಸನದಿಂದ ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕನ್ನು ವಿಸ್ತರಿಸಿತು. ಆದರೆ ಶಾಸನದ ಮಾತೊಂದು, ಊರಿನ ನಡತೆಯೊಂದು. ಮೇಲೆನಿಸಿಕೊಂಡ ಕುಲಗಳಲ್ಲಿ ವಿಧವೆಗೆ ಪುನರ್ವಿವಾಹವಿರಲಿಲ್ಲ. ಇತರ ಅನೇಕ ಕುಲಗಳಲ್ಲಿ ‘ಕೂಡಿಕೆ’ಯೆಂಬ ಮರುಮದುವೆಯು ಹಿಂದಿನಿಂದ ನಡೆದುಬಂದಿದ್ದಿತು. ಒಂದೆಡೆ ವರದಕ್ಷಿಣೆ, ಇನ್ನೊಂದೆಡೆ ವಧುವಿಗಾಗಿ ಕೊಡುವ ತೆರ.

ಮೇಲಿನವರನ್ನು ಅನುಸರಿಸಿ ಗೌರವವನ್ನು ಪಡೆಯಹೊರಟ ಕುಲಗಳು ಈ ಕೂಡಿಕೆಯನ್ನು ಬಿಡುತ್ತ ಬಂದುವು. ಅದರಿಂದ ಕುಲದ ಮಾನವು ಏರಿತೆಂದುಕೊಂಡರೂ ಹೆಂಗಸಿನ ಸ್ವಾತಂತ್ರ್ಯವು ಇಳಿಯಿತು. ಇಂತಹ ಅನುಸರಣೆಗೆ ಶ್ರೀನಿವಾಸರು ಮುಂದೆ, 1952ರಲ್ಲಿ ಪ್ರಕಟವಾದ ಕೊಡಗರನ್ನು ಕುರಿತ ಗ್ರಂಥದಲ್ಲಿ, ‘ಸಂಸ್ಕೃತೀಕರಣ’ವೆಂಬ ಹೆಸರನ್ನು ರೂಢಿಗೆ ತಂದರು.

ಆಚಾರವನ್ನು ಶೋಧಿಸುವ ವಿದ್ಯಾರ್ಥಿಗೆ ಇದರಲ್ಲಿ ಒಂದು ಪಾಠವಿರುವುದು. ಶಾಸ್ತ್ರವು ಏನನ್ನು ವಿಧಿಸಿತು, ಸರ್ಕಾರವು ಏನನ್ನು ನಿಷೇಧಿಸಿತು ಎಂಬುದನ್ನು ಅರಿತರೆ ಸಾಲದು. ಅವೆರಡರ ನಡುವೆ ಬಾಳಿದ ಹೆಣ್ಣುಮಕ್ಕಳ ಪಾಡು ಏನಾಯಿತೆಂದು ವಿಚಾರಿಸಿದಲ್ಲದೆ ಆ ಶೋಧನೆಯು ಪೂರ್ಣವಾಗದು.