ಕಿಕ್ಕೇರಿಯಿಂದ ಕಾಲೇಜಿಗೆ ಎಷ್ಟು ದೂರ?

ಬಿ.ಎಂ.ಶ್ರೀ. ಹೆಸರಿನ ಮೊದಲಕ್ಷರ ಎಲ್ಲರ ಬಾಯಲ್ಲೂ ಇದೆ, ಅದು ಯಾವ ಊರು ಎಂದು ಕೇಳಿದರೆ ಮಾತ್ರ ತರಗತಿಯಲ್ಲಿ ಮೌನ. ಅದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರು. ಹುಡುಗನ ಮೊದಲ ಓದು ಆ ಕೋಟೆಯೂರಿನಲ್ಲೇ ಆಯಿತು. 1884ರಲ್ಲಿ ಹುಟ್ಟಿದ ಶ್ರೀಕಂಠಯ್ಯನವರು ಬಿ.ಎ. ಮುಗಿಸಿ, ಮದ್ರಾಸಿನ ಬಿ.ಎಲ್. ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದು, 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ವಕೀಲರ ಮಗ ಕಾನೂನು ಓದಿಟ್ಟುಕೊಂಡೇ ಮೇಷ್ಟರಾದದ್ದು ನನಗೆ ಕುತೂಹಲದ ಸಂಗತಿ. ಒಂದು ದಾರಿ ಮುಚ್ಚಿದರೆ ಇನ್ನೊಂದು ಇರಲಿ ಎಂಬ ಲೆಕ್ಕ ಆಗಲೂ ಇತ್ತೆಂದು ಕಾಣುತ್ತದೆ.

ನಾನು ಪಾಠ ಹೇಳುವುದು ಕೆ.ಆರ್. ಪೇಟೆ ಕಡೆಯ ಹುಡುಗ ಹುಡುಗಿಯರಿಗೆ. ಪಿಯುಸಿ ಫಲಿತಾಂಶ ಬಂದ ವಾರ ಅವರ ಅಪ್ಪಂದಿರು ಕೇಳುವ ಪ್ರಶ್ನೆಗಳು ಮೂರೇ: ಸೀಟು ಸಿಕ್ಕುತ್ತಾ, ಎಷ್ಟಾಗುತ್ತೆ, ಓದಿದ ಮೇಲೆ ಏನು? ಇದು ಈ ಕಾಲದ ಗೀಳೆಂದು ನನ್ನ ಸಹೋದ್ಯೋಗಿಗಳು ಗೊಣಗುತ್ತಾರೆ. ನಮ್ಮ ನಾಲ್ಕು ತಾಲ್ಲೂಕುಗಳ ಲೇಖಕರ ಬದುಕನ್ನು ತಿರುವಿ ಹಾಕಿದರೆ ಹಾಗನ್ನಿಸುವುದಿಲ್ಲ.

ಮೊದಲು ದೂರದ ಮಾತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಸಂಸ್ಥಾನದಲ್ಲಿ ಪದವಿ ತನಕ ಓದಿಸುವ ದೊಡ್ಡ ಕಾಲೇಜು ಎರಡೇ, ಮೈಸೂರಿನ ಮಹಾರಾಜ ಮತ್ತು ಬೆಂಗಳೂರಿನ ಸೆಂಟ್ರಲ್. ಪರೀಕ್ಷೆ ಮದ್ರಾಸಿನದು. ಬೆಂಗಳೂರು-ಮೈಸೂರು ರೈಲು 1882ರಲ್ಲೇ ಶ್ರೀರಂಗಪಟ್ಟಣವನ್ನೂ, ಆಗ ಫ್ರೆಂಚ್ ರಾಕ್ಸ್ ಎನ್ನಿಸಿಕೊಳ್ಳುತ್ತಿದ್ದ ಪಾಂಡವಪುರವನ್ನೂ ಮುಟ್ಟಿತ್ತು. ಮೈಸೂರು-ಅರಸೀಕೆರೆ ಹಳಿ ಬಂದ ಮೇಲೆ ಕೆ.ಆರ್. ಪೇಟೆ ತಾಲ್ಲೂಕಿನ ಅಂಚಿನ ಅಕ್ಕಿಹೆಬ್ಬಾಳಿಗೂ ನಿಲ್ದಾಣ ಬಂತು. ಕೆ.ಆರ್. ಪೇಟೆ, ಕಿಕ್ಕೇರಿ, ನಾಗಮಂಗಲ ಹಳಿಯಿಂದ ದೂರವೇ ಉಳಿದವು. ಶ್ರೀರಂಗಪಟ್ಟಣದ ಹುಡುಗನಿಗೆ ಮೈಸೂರು ಹದಿನೈದು ಕಿಲೋಮೀಟರ್, ನಾಗಮಂಗಲದವನಿಗೆ ಸುಮಾರು ಅರವತ್ತು. ದೂರವಿದ್ದವನು ಊರಲ್ಲಿ ಉಂಡು ಕಾಲೇಜಿಗೆ ಹೋಗಿಬರುವಂತಿರಲಿಲ್ಲ. ಮೈಸೂರಲ್ಲೇ ಕೋಣೆ ಹಿಡಿಯಬೇಕು, ಊಟಕ್ಕೆ ದಾರಿ ನೋಡಿಕೊಳ್ಳಬೇಕು.

ಊಟದ ದಾರಿ ಎಂದರೆ ಆಗ ಜಾತಿಯ ದಾರಿ. ಬ್ರಾಹ್ಮಣರ ಬಡಹುಡುಗನಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದರಲ್ಲಿ ಅವಮಾನವೂ ಇತ್ತು, ಆದರೆ ಹೊಟ್ಟೆ ತುಂಬುತ್ತಿತ್ತು. ಒಕ್ಕಲು ಮನೆಯ ಹುಡುಗನಿಗೆ ಅಂಥ ಮನೆಗಳು ಪೇಟೆಯಲ್ಲಿರಲಿಲ್ಲ. ದಲಿತರ ಮಕ್ಕಳಿಗೆ ಕಾಲೇಜಿನ ಮಾತಿರಲಿ, ಊರ ಶಾಲೆಯ ಜಗಲಿ ಹತ್ತುವುದೇ ಜಗಳದ ವಿಷಯ. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ಸರ್ಕಾರ ನೇಮಿಸಿತು. ಅದು ಸರ್ಕಾರಿ ಕೆಲಸದಲ್ಲಿ ಪಾಲು ಕೊಡಿ ಎಂದು ಹೇಳಿದ್ದರ ಜೊತೆಗೆ ಹಿಂದುಳಿದವರಿಗೆ ವಿದ್ಯಾರ್ಥಿವೇತನ, ಹಾಸ್ಟೆಲ್ ಬೇಕೆಂದೂ ಹೇಳಿತು. ಮಿಲ್ಲರ್ ವರದಿ ಎಂದರೆ ನೌಕರಿಯ ಪಾಲನ್ನೇ ನೆನೆಯುತ್ತೇವೆ. ನಾಗಮಂಗಲದ ರಾಗಿ ಹೊಲದಿಂದ ಬಂದ ಹುಡುಗನಿಗೆ ನೌಕರಿಗಿಂತ ಮೊದಲು ಬೇಕಾಗಿದ್ದದ್ದು ಹಾಸ್ಟೆಲಿನ ತಟ್ಟೆ.

ಹಾಗೆಂದು ಪದವಿ ಸಿಕ್ಕವರಿಗೆಲ್ಲ ಬಯಸಿದ ಕುರ್ಚಿ ಸಿಕ್ಕಿತೆ? ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಮಹಾರಾಜ ಕಾಲೇಜಿನಲ್ಲಿ ಓದಿ ಇಂಗ್ಲಿಷ್ ಮೇಷ್ಟರಾದರು, ಓದಿದ್ದೇ ಕಸುಬಾಯಿತು. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರ ಕಥೆ ಬೇರೆ. ಅವರದು ವೈದಿಕ ಮನೆತನ, ಊರಲ್ಲೇ 1854ರಷ್ಟು ಹಳೆಯ ಸಂಸ್ಕೃತ ಪಾಠಶಾಲೆ. ಖರ್ಚು ಕಡಿಮೆ, ಮನೆ ಪಕ್ಕದಲ್ಲಿ, ಹಿರಿಯರು ನಡೆದ ದಾರಿ. ಅದನ್ನು ಬಿಟ್ಟು ಮೈಸೂರಿಗೆ ಹೋಗಿ ಬಿ.ಎ. ಮಾಡಿದರು. ಸಿಕ್ಕಿದ್ದು ಮೈಸೂರು ಸೈನ್ಯ ಇಲಾಖೆಯ ಕಚೇರಿಯಲ್ಲಿ ಕೆಲಸ. ‘ಗೋಕುಲ ನಿರ್ಗಮನ’ ಬರೆದ ಕೈ ಹಗಲೆಲ್ಲ ಫೈಲು ಬರೆಯುತ್ತಿತ್ತು ಎಂದಾಗ ವಿದ್ಯಾರ್ಥಿಗಳು ನಗುತ್ತಾರೆ. ಆ ಕಾಲಕ್ಕೆ ಅದು ನಗುವ ಕೆಲಸವಲ್ಲ, ತಿಂಗಳು ತಿಂಗಳು ಸಂಬಳ ಬರುವ ಕೆಲಸ.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು 1915. ಆ ವರ್ಷದ ಜನವರಿ 26ರಂದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. ಹದಿನಾರು ದಿನ ಕಳೆದು, ಫೆಬ್ರವರಿ 11ರಂದು, ಪಕ್ಕದ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಎಚ್.ಎಲ್. ನಾಗೇಗೌಡರು ಹುಟ್ಟಿದರು. ಒಂದೇ ಸೀಮೆ, ಒಂದೇ ವಯಸ್ಸು. ನರಸಿಂಹಸ್ವಾಮಿಯವರ ಪದವಿಯ ಓದು ಪೂರ್ತಿಯಾಗಲಿಲ್ಲ. 1936ರಲ್ಲಿ ಮದುವೆ, 1937ರಲ್ಲಿ ಸರ್ಕಾರಿ ಗುಮಾಸ್ತೆ ಕೆಲಸ. 1942ರಲ್ಲಿ ‘ಮೈಸೂರ ಮಲ್ಲಿಗೆ’ ಬಂತು, ಮನೆಮನೆಯ ಹಾಡಾಯಿತು. ಆದರೂ ಅವರು ನಿವೃತ್ತರಾಗುವ 1970ರವರೆಗೆ ಕಚೇರಿಯ ಹಾದಿ ತುಳಿದರು. ನಾಗೇಗೌಡರು ಪದವಿ ಮುಗಿಸಿದರು, ಪುಣೆಗೆ ಹೋಗಿ ಕಾನೂನು ಓದಿದರು, ಸಿವಿಲ್ ಸರ್ವಿಸಿಗೆ ಸೇರಿ ಐಎಎಸ್ ಅಧಿಕಾರಿಯಾದರು, ಆಮೇಲೆ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು.

ಪುಣೆ ಯಾಕೆ? ಮೈಸೂರು ಸಂಸ್ಥಾನದಲ್ಲಿ ಆಗ ಕಾನೂನು ಕಾಲೇಜೇ ಇರಲಿಲ್ಲ, ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಶುರುವಾದದ್ದು 1948ರಲ್ಲಿ. ಕೆಂಗಲ್ ಹನುಮಂತಯ್ಯ, ನಿಜಲಿಂಗಪ್ಪ, ಕಡಿದಾಳ್ ಮಂಜಪ್ಪ ಎಲ್ಲರೂ ಪುಣೆಯ ರೈಲು ಹತ್ತಿದವರೇ. ಅಂದರೆ ವಕೀಲನಾಗಬೇಕೆಂಬ ಹುಡುಗನ ಹಿಂದೆ ಪರಸ್ಥಳದಲ್ಲಿ ಸಾಕುವಷ್ಟು ಕಸುವಿದ್ದ ಮನೆ ಇರಬೇಕಿತ್ತು. ಇಬ್ಬರಲ್ಲಿ ಯಾರು ಜಾಣರೆಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಪರೀಕ್ಷೆ ಪಾಸಾಗುವ ಶಕ್ತಿಯೊಂದೇ ಓದು ಎಲ್ಲಿಯವರೆಗೆ ಸಾಗುತ್ತದೆಂದು ತೀರ್ಮಾನಿಸಲಿಲ್ಲ ಎಂಬುದಷ್ಟೇ ನನ್ನ ಮಾತು. ಗುಮಾಸ್ತೆ ಸಂಬಳದ ಸಂಸಾರ ನರಸಿಂಹಸ್ವಾಮಿಯವರ ಕವಿತೆಗೆ ವಸ್ತುವೂ ಆಯಿತು ಎಂದು ವಿಮರ್ಶಕರು ಮೆಚ್ಚಿ ಬರೆಯುತ್ತಾರೆ. ಆ ಮೆಚ್ಚುಗೆ ನನಗೆ ಕೊಂಚ ಸುಲಭದ್ದೆನ್ನಿಸುತ್ತದೆ, ಕವಿತೆ ಬರಲೆಂದು ಯಾರೂ ಓದು ಬಿಡುವುದಿಲ್ಲ.

ಹೆಣ್ಣುಮಕ್ಕಳ ಮಾತು ಬೇಗ ಮುಗಿಯುತ್ತದೆ, ಅದೇ ದುಃಖ. ಬಿ.ಎಂ.ಶ್ರೀ. ಅವರ ಸಹೋದರನ ಮಗಳು ತ್ರಿವೇಣಿ ಮನಶ್ಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ. ಮಾಡಿದರು. ‘ಶರಪಂಜರ’, ‘ಬೆಕ್ಕಿನ ಕಣ್ಣು’ ಓದಿದವರಿಗೆ ಆ ಓದು ಎಲ್ಲಿ ಫಲಿಸಿತೆಂದು ಗೊತ್ತು. ಆದರೆ ಅದು ಎರಡು ತಲೆಮಾರು ಕಾಲೇಜು ಕಂಡ ಮನೆ. ಹಳ್ಳಿಯ ಒಕ್ಕಲು ಮನೆಗಳಲ್ಲಿ ಮಗಳ ಓದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ನೀರು ಬಂದ ಮೇಲೆ ಲೆಕ್ಕ ಬದಲಾಯಿತು. ಕನ್ನಂಬಾಡಿ ಕಟ್ಟೆಯ ನಾಲೆ ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಿ ಹರಿಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರವರೆಗೆ ಮೈಸೂರು ಜಿಲ್ಲೆಯಲ್ಲಿದ್ದ ಈ ನಾಲ್ಕೂ ತಾಲ್ಲೂಕುಗಳು ಹೊಸ ಮಂಡ್ಯ ಜಿಲ್ಲೆಗೆ ಸೇರಿದವು. ನಾಲೆಯ ಕೆಳಗಿನವರ ಕೈಯಲ್ಲಿ ಕಬ್ಬಿನ ದುಡ್ಡು ಆಡತೊಡಗಿತು. ಮೇಲ್ಭಾಗದ ನಾಗಮಂಗಲಕ್ಕೆ ಆ ನೀರು ಏರಲಿಲ್ಲ. ಅಲ್ಲಿ ಫೀಸು ಎಂದರೆ ಮಳೆ, ರಾಗಿ, ಕೊನೆಗೆ ಮಾರಬಹುದಾದ ಒಂದು ಜೊತೆ ಎತ್ತು. ಮಂಡ್ಯದಲ್ಲಿ 1948ರಲ್ಲಿ ಸರ್ಕಾರಿ ಕಾಲೇಜು, 1962ರಲ್ಲಿ ಕೆ.ವಿ. ಶಂಕರಗೌಡರ ದುಡಿಮೆಯಿಂದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಬಂದವು. 1980ರ ದಶಕದಲ್ಲಿ ಬೆಳ್ಳೂರಿನ ಬಳಿಯೇ ಆದಿಚುಂಚನಗಿರಿ ಮಠದ ವೈದ್ಯಕೀಯ ಕಾಲೇಜು ಎದ್ದಿತು. ಶ್ರೀಕಂಠಯ್ಯನವರ ಕಾಲಕ್ಕೆ ಪದವಿಗಾಗಿ ಬಿಟ್ಟುಹೋಗಬೇಕಿದ್ದ ಬೆಳ್ಳೂರಿಗೆ ಈಗ ಊರೂರಿಂದ ಓದಲು ಬರುತ್ತಾರೆ.

ಕಾಲೇಜು ಹತ್ತಿರ ಬಂತು, ಸೀಟು ಹತ್ತಿರ ಬಂತೆಂದು ಅರ್ಥವಲ್ಲ. ಡೊನೇಷನ್ ಹಾವಳಿಗೆ ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ವಿರುದ್ಧ ಕಾನೂನು ಮಾಡಿತು, ಅದೇ ಹೊತ್ತಿಗೆ ಸಿಇಟಿಯೂ ಬಂತು. 1992ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಆಗಿನ ಖಾಸಗಿ ವೈದ್ಯಕೀಯ ಕಾಲೇಜುಗಳ ದರಪಟ್ಟಿ ದಾಖಲಾಗಿದೆ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ಎರಡು ಸಾವಿರಕ್ಕೂ ಇಪ್ಪತ್ತೈದು ಸಾವಿರಕ್ಕೂ ನಡುವೆ ಇದ್ದದ್ದು ಕೆಲವು ರ್‍ಯಾಂಕು. ಆ ನಡುವಿನ ಜಾಗದಲ್ಲಿ ಎಷ್ಟೋ ಗದ್ದೆಗಳು ಕೈಬದಲಾದವು.

ಈಗಿನ ಅಪ್ಪಂದಿರ ಲೆಕ್ಕ ಇನ್ನೂ ಸೂಕ್ಷ್ಮ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದವರಿಗೆ ಸಿಇಟಿಯಲ್ಲಿ ಶೇ. 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಕೃಷಿ ಪದವಿಗಾದರೆ ರೈತರ ಮಕ್ಕಳಿಗೆ ಬೇರೆ ಕೋಟಾ. ಮಗುವನ್ನು ಹಳ್ಳಿಯ ಕನ್ನಡ ಶಾಲೆಯಲ್ಲೇ ಬಿಟ್ಟರೆ ಈ ಬಾಗಿಲುಗಳು ತೆರೆದಿರುತ್ತವೆ, ಕೆ.ಆರ್. ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸಿದರೆ ಮುಚ್ಚುತ್ತವೆ. ವ್ಯಾನು ಹತ್ತಿಸದಿದ್ದರೆ ನೀಟ್ ಪರೀಕ್ಷೆಗೆ ಬೇಕಾದ ತಯಾರಿ ಸಿಕ್ಕೀತೇ ಎಂಬ ಭಯ. ಮಗುವಿಗೆ ಆರು ತುಂಬುವ ಮೊದಲೇ ಇದನ್ನು ತೀರ್ಮಾನಿಸಬೇಕು. ಕಿಕ್ಕೇರಿಯ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತರೆ, ಆ ವ್ಯಾನುಗಳು ಒಂದರ ಹಿಂದೊಂದು ತುಂಬಿ ಹೊರಡುವುದು ಕಾಣುತ್ತದೆ.