ಹೆಸರಿನ ಹಂಚಿಕೆಯೂ ನ್ಯಾಯವೂ

ನಾಡಿಗೆ ಹೆಸರಿಡುವುದು ಸಾಮಾನ್ಯ ಕಾರ್ಯವಲ್ಲ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದುಗೂಡಿದರೂ ‘ಕರ್ನಾಟಕ’ವೆಂಬ ಹೆಸರು ದೊರೆಯಲು 1973ರವರೆಗೆ ಕಾಯಬೇಕಾಯಿತು. ಅದರ ಚರ್ಚೆಯು ಪತ್ರಿಕೆಗಳಲ್ಲಿಯೂ ವಿಧಾನಮಂಡಲದಲ್ಲಿಯೂ ಬಹಿರಂಗವಾಗಿ ನಡೆಯಿತು. ಆದುದರಿಂದಲೇ ನಿರ್ಣಯವು ಊರ್ಜಿತವಾಗಿ ನಿಂತಿತು.

ಅಂತರಜಾಲದಲ್ಲಿಯೂ ಹೆಸರಿನ ಪ್ರಶ್ನೆಯುಂಟು. ಅಲ್ಲಿಯ ವಿಳಾಸಕ್ಕೆ ‘ಡೊಮೇನ್’ ಎನ್ನುತ್ತಾರೆ. ಒಂದು ಹೆಸರು ಒಬ್ಬರಿಗೆ ಮಾತ್ರ ಸಲ್ಲತಕ್ಕದ್ದು. ಹಾಗಾದರೆ ಅದನ್ನು ಹಂಚುವವರು ಯಾರು? ಯಾವ ನಿಯಮದಿಂದ ಹಂಚುತ್ತಾರೆ?

ಈ ಕಥೆಯ ಮೊದಲ ಅಧ್ಯಾಯವು ನಮ್ಮ ನೆರೆಯಲ್ಲಿಯೇ ನಡೆಯಿತೆಂಬುದು ಪವಾಯಿಯ ಕನ್ನಡ ಬಾಂಧವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆ. 1958ರಲ್ಲಿ ಇಲ್ಲಿ ಸ್ಥಾಪಿತವಾದ ಐ.ಐ.ಟಿ.ಗೂ ಜುಹುವಿನಲ್ಲಿದ್ದ ಎನ್.ಸಿ.ಎಸ್.ಟಿ. ಎಂಬ ಸರಕಾರಿ ಸಂಶೋಧನಾ ಕೇಂದ್ರಕ್ಕೂ ನಡುವೆ 1986ರಲ್ಲಿ ಟೆಲಿಫೋನ್ ತಂತಿಯ ಮೂಲಕ ಮಿಂಚಂಚೆ ಓಡಾಡಿತು. 1989ರಲ್ಲಿ ಭಾರತಕ್ಕೆ ‘ಡಾಟ್ ಇನ್’ ಎಂಬ ಹೆಸರು ಲಭಿಸಿತು. ಅದರ ಪಾರುಪತ್ಯವನ್ನು ಜುಹುವಿನ ಅದೇ ಕೇಂದ್ರವು ನೋಡಿಕೊಂಡಿತು.

ಆ ಕಾಲದ ನಿಯಮಗಳು ಬಹಳ ಬಿಗಿಯಾಗಿದ್ದುವು. 1992ರಿಂದ 2004ರವರೆಗೆ ದಾಖಲಾದ ಹೆಸರುಗಳು ಸುಮಾರು 7000 ಮಾತ್ರ! 2003ರಲ್ಲಿ ‘ನಿಕ್ಸಿ’ ಎಂಬ ಲಾಭರಹಿತ ಸಂಸ್ಥೆಯು ಹುಟ್ಟಿತು. ಅದರ ಆಡಳಿತದಲ್ಲಿ 2005ರಿಂದ ಬಾಗಿಲು ಎಲ್ಲರಿಗೂ ತೆರೆಯಿತು. ಹೆಸರಿಗಾಗಿ ಜಗಳವಾದರೆ ಪಂಚಾಯಿತಿಗೆ ಲಿಖಿತ ಕಟ್ಟಳೆಯೂ ಬಂದಿತು.

ಈ ಆಡಳಿತದ ಧರ್ಮವೇನು? ಲೋಕದ ಹೆಸರುಪಟ್ಟಿಯನ್ನು ಬಹುಕಾಲ ಕಾಪಾಡಿದ ಅಮೆರಿಕೆಯ ಜಾನ್ ಪೋಸ್ಟೆಲ್ 1994ರಲ್ಲಿ ಅದನ್ನು ಬರೆದಿಟ್ಟನು. ದೇಶದ ಹೆಸರನ್ನು ನಿರ್ವಹಿಸುವವನು ಒಡೆಯನಲ್ಲ, ಧರ್ಮದರ್ಶಿ; ಕೇಳಿ ಬಂದವರೆಲ್ಲರಿಗೂ ಒಂದೇ ನಿಯಮ ಅನ್ವಯಿಸಬೇಕು, ಎಂಬುದು ಅದರ ತಾತ್ಪರ್ಯ. 1998ರಲ್ಲಿ ಹುಟ್ಟಿದ ‘ಐಕ್ಯಾನ್’ ಸಂಸ್ಥೆಯ ಮೇಲೆ ಅಮೆರಿಕ ಸರಕಾರಕ್ಕಿದ್ದ ಕರಾರಿನ ಹಿಡಿತವು 2016ರ ಅಕ್ಟೋಬರ್ 1ರಂದು ಕೊನೆಗೊಂಡಿತು. ಸೇವಾಸಂಸ್ಥೆಗಳು ಹೆಚ್ಚಾಗಿ ಬಳಸುವ ‘ಡಾಟ್ ಆರ್ಗ್’ ಪಟ್ಟಿಯನ್ನು ಖಾಸಗಿ ಬಂಡವಾಳಗಾರರಿಗೆ ಮಾರುವ ಯತ್ನ ನಡೆದಾಗ ಲೋಕವೆಲ್ಲ ಆಕ್ಷೇಪಿಸಿತು. 2020ರ ಏಪ್ರಿಲಿನಲ್ಲಿ ಐಕ್ಯಾನ್ ಅದಕ್ಕೆ ಒಪ್ಪಿಗೆ ನಿರಾಕರಿಸಿತು. ಬಹಿರಂಗ ಚರ್ಚೆಯ ಬಲವೆಂದರೆ ಇದು.

ಇನ್ನು ನಮ್ಮ ನುಡಿಯ ಮಾತು. 2011ರಲ್ಲಿ ‘ಭಾರತ’ವೆಂಬ ಹೆಸರು ಏಳು ಲಿಪಿಗಳಲ್ಲಿ ಮೂಲಪಟ್ಟಿಯನ್ನು ಸೇರಿತು, ತಮಿಳು ತೆಲುಗುಗಳಿದ್ದುವು, ಕನ್ನಡವಿರಲಿಲ್ಲ. ಅದು ಮುಂದಿನ ಸರದಿಯಲ್ಲಿ ಬಂದಿತು. ಅದರ ಜೊತೆಗೇ ಒಂದು ಸೂಕ್ಷ್ಮ ಪ್ರಶ್ನೆಯೂ ಇದ್ದಿತು. ನಮ್ಮ ಇ, ಜ, ಬ, ಲ ಮುಂತಾದ ಅಕ್ಷರಗಳು ತೆಲುಗಿನವನ್ನು ಬಹಳವಾಗಿ ಹೋಲುತ್ತವೆ. ಒಬ್ಬರ ಕನ್ನಡ ಹೆಸರನ್ನೇ ಹೋಲುವ ತೆಲುಗು ಹೆಸರು ವಂಚಕನ ಕೈಸೇರಿದರೆ ಓದುಗನು ಮೋಸಹೋಗದಿರುವನೇ? ಬ್ರಾಹ್ಮೀ ಮೂಲದ ಒಂಬತ್ತು ಲಿಪಿಗಳಿಗಾಗಿ ನೇಮಕವಾದ ಮಂಡಲಿಯು ಇದನ್ನು ಪರಿಶೀಲಿಸಿ, ಕರಡನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಪಡೆದು, 2019ರಲ್ಲಿ ನಿಯಮಗಳನ್ನು ಸಿದ್ಧಪಡಿಸಿತು. ಸಮಾನರೂಪದ ಹೆಸರುಗಳು ಬೇರೆ ಬೇರೆಯವರ ಪಾಲಾಗದಂತೆ ಅಲ್ಲಿ ಏರ್ಪಾಡುಂಟು.

ಆದರೆ ಬಾಗಿಲು ತೆರೆದಿದ್ದರೆ ಸಾಲದು, ಒಳಹೋಗುವವರು ಬೇಕು. ಆಕ್ಷೇಪಣೆಗೆ ಅವಕಾಶವಿದ್ದಾಗ ಸುಮ್ಮನಿದ್ದು, ತೀರ್ಮಾನವಾದ ಮೇಲೆ ಗೊಣಗುವುದು ನಮ್ಮ ಹಳೆಯ ರೋಗ. ಲಿಪಿಬಲ್ಲ ಪಂಡಿತರೂ ಯಂತ್ರಬಲ್ಲ ತರುಣರೂ ಪವಾಯಿಯಲ್ಲಿದ್ದಾರೆ. ಮುಂದಿನ ಕರಡು ಬಂದಾಗ ಅವರು ಒಂದೆಡೆ ಕುಳಿತು ಓದಿ, ಅಭಿಪ್ರಾಯ ಬರೆದು ಕಳುಹಿಸಲಿ. ರಾಜ್ಯೋತ್ಸವದ ದೀಪಕ್ಕೆ ಅದೂ ಒಂದು ತೊಟ್ಟು ಎಣ್ಣೆ.