ವಾಪಸ್ ಹೋಗೋ ದಾರಿ ತೆರೆದೇ ಇತ್ತು

ನಮ್ಮ ಐಟಿ ಜನ ಏಸಿ ರೂಮಲ್ಲಿ ಕೂತು ಎರಡು ವಾರ ಕೋಡಿಂಗ್ ಕಲಿತರೂ ಅದಕ್ಕೆ ‘ಬೂಟ್‌ಕ್ಯಾಂಪ್’ ಅಂತೀವಿ. ಅಸಲಿ ಬೂಟ್‌ಕ್ಯಾಂಪ್ ಹೇಗಿರುತ್ತೆ ಅಂತ ನೋಡೋಕೆ 1942ರ ಸ್ಕಾಟ್ಲೆಂಡಿಗೆ ಹೋಗಬೇಕು.

ಎರಡನೇ ಮಹಾಯುದ್ಧದ ಹೊತ್ತಲ್ಲಿ ಬ್ರಿಟಿಷ್ ಸೈನ್ಯ ಅಲ್ಲಿನ ಅಕ್ನಕ್ಯಾರಿ ಕೋಟೆಯಲ್ಲಿ ಕಮಾಂಡೋ ತರಬೇತಿ ಕೇಂದ್ರ ತೆರೆಯಿತು. ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಚಾರ್ಲ್ಸ್ ವಾನ್. ಸೈನಿಕರು ಸ್ಪೀನ್ ಬ್ರಿಜ್ ಸ್ಟೇಷನ್ನಲ್ಲಿ ರೈಲು ಇಳಿದ ಕೂಡಲೇ ಹೊರೆ ಹೊತ್ತು ಸುಮಾರು 11 ಕಿ.ಮೀ. ನಡೆಯಬೇಕಿತ್ತು. ತಲುಪಿದಾಗ ಎದುರಿಗೆ ಸಾಲು ಸಮಾಧಿಗಳು! ಎಲ್ಲ ಸುಳ್ಳು ಸಮಾಧಿಗಳೇ. ಆದರೆ ಯಾವ ತಪ್ಪು ಮಾಡಿ ಸತ್ತ ಅನ್ನೋದನ್ನ ಅಲ್ಲಿ ಬರೆದಿಟ್ಟಿದ್ದರು. ಆಮೇಲೆ ಬೆಟ್ಟ, ಕೊರೆಯೋ ಹೊಳೆ, ಪಕ್ಕದಲ್ಲೇ ಹಾಯೋ ನಿಜವಾದ ಗುಂಡು.

ಇಷ್ಟಾದರೂ, ಸೋತವರಿಗೆ ಇದ್ದ ದೊಡ್ಡ ಶಿಕ್ಷೆ ಏನು ಗೊತ್ತಾ? ಹಳೇ ತುಕಡಿಗೆ ವಾಪಸ್ ಕಳಿಸೋದು. ಅಷ್ಟೇ. ಬಹುತೇಕರು ತಾವಾಗೇ ಬಂದವರು. ಬಿಟ್ಟು ಹೋದರೂ ಸೈನಿಕರಾಗಿಯೇ ಉಳಿಯುತ್ತಿದ್ದರು. ಹಾಗಾಗಿ ಅವರ ಹೋರಾಟ ತಮ್ಮ ಜೊತೆಗೇ ಇತ್ತು.

ನಮ್ಮೂರ ಕೆರೆ ಏರಿ ಮೇಲೆ, ಸೇನಾ ಭರ್ತಿಯ 1600 ಮೀಟರ್ ಓಟಕ್ಕೆಂದು ನಸುಕಲ್ಲೇ ಓಡೋ ಹುಡುಗರನ್ನ ನೋಡಿ ಬೆಳೆದವನು ನಾನು. ಸೋತರೆ ವಾಪಸ್ ಹೋಗೋಕೆ ಅವರಿಗೆ ಹಳೇ ತುಕಡಿ ಇಲ್ಲ, ಸಾಲದ ಹೊಲ ಇದೆ. ನಾವು ವೀಕೆಂಡಲ್ಲಿ ಮ್ಯಾರಥಾನ್ ಓಡಿ ‘ಚಾಲೆಂಜ್’ ಅಂತೀವಲ್ಲ, ಬಿಟ್ಟುಬಿಡೋ ಸ್ವಾತಂತ್ರ್ಯ ಇದ್ದವರಿಗೆ ಮಾತ್ರ ಆ ಪದ ಸಲ್ಲುತ್ತೆ. ಆ ಹುಡುಗರ ಓಟಕ್ಕೆ ಬೇರೆ ಹೆಸರೇ ಬೇಕು.